ಎರರ್ ಬರಲಿಲ್ಲ, ದನಿ ಮಾತ್ರ ಹೋಗಿತ್ತು: 340 ಫೈಲ್‌ಗಳನ್ನು ಎಂಪಿ3 ಮಾಡಿದ ಒಂದು ಪ್ರಕರಣ

ದೃಷ್ಟಿ ಇಲ್ಲದ ಕೇಳುಗರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಒಂದು ಚಿಕ್ಕ ಬಳಗದಲ್ಲಿ ನಡೆದದ್ದು ಇದು. ಬಳಗ ಯಾವುದು, ಓದಿದವರು ಯಾರು ಎಂದು ಗೊತ್ತಾಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಕೆಲಸ ನೋಡಿಕೊಳ್ಳುತ್ತಿದ್ದವರನ್ನು ಸಂಯೋಜಕಿ ಎಂದು, ಕಂಪ್ಯೂಟರ್ ಮುಂದೆ ಕೂತವನನ್ನು ಹುಡುಗ ಎಂದು ಕರೆಯುತ್ತೇನೆ. ನಾನು ನಡುವೆ ಸೇರಿಕೊಂಡವನು. ಆದ ತಪ್ಪುಗಳಲ್ಲಿ ದೊಡ್ಡವು ಎರಡೂ ನನ್ನವೇ. ಹಾಗಾಗಿ ಬರೆಯುವ ಹಕ್ಕೂ ನನಗೇ ಇದೆ ಅಂದುಕೊಂಡಿದ್ದೇನೆ.

ಹಿನ್ನೆಲೆ

ಒಂಬತ್ತು ವರ್ಷಗಳಲ್ಲಿ 340 ಫೈಲ್‌ಗಳು ಕೂಡಿದ್ದವು. ಒಟ್ಟು ಸುಮಾರು 210 ಗಂಟೆಗಳ ಓದು. ಹೀಗೇ ರೆಕಾರ್ಡ್ ಮಾಡಬೇಕು ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಯಾರ ಕೈಯಲ್ಲಿ ಏನಿತ್ತೋ ಅದರಲ್ಲೇ ಓದಿದ್ದರು. ಮೊದಲ ವರ್ಷಗಳ ಫೈಲ್‌ಗಳು ಹಳೇ ಗುಂಡಿ ಮೊಬೈಲ್‌ನವು, ಎಎಂಆರ್ ಎಂಬ ಬಗೆಯವು. ಆಮೇಲಿನವು ಫೋನಿನ ರೆಕಾರ್ಡರ್‌ನ ಎಂ4ಎ. ಕೆಲವರು ವಾಟ್ಸಾಪ್‌ನಲ್ಲಿ ದನಿ ಸಂದೇಶವಾಗಿಯೇ ಇಡೀ ಅಧ್ಯಾಯ ಕಳಿಸಿದ್ದರು. ಅವು ಓಪಸ್. ಒಬ್ಬರ ಹತ್ತಿರ ಒಳ್ಳೇ ರೆಕಾರ್ಡರ್ ಇತ್ತು, ಅವರದು ವೇವ್. ಇನ್ನೊಬ್ಬರು ಕ್ಯಾಮೆರಾಗೆ ಒಳ್ಳೆಯ ಮೈಕ್ ಚುಚ್ಚಿ, ಲೆನ್ಸ್ ಗೋಡೆ ಕಡೆ ತಿರುಗಿಸಿ ಓದಿದ್ದರು. ಬಿಳೀ ಗೋಡೆಯ ಹತ್ತಾರು ಗಂಟೆಗಳ ವಿಡಿಯೋ ಅದು, ಬಹಳ ಸ್ಪಷ್ಟವಾಗಿದೆ. ಈ ಗೋಡೆ ವಿಡಿಯೋಗಳನ್ನು ನೆನಪಿಟ್ಟುಕೊಳ್ಳಿ.

ಕೇಳುಗರು ನಲವತ್ತು ಮಂದಿ. ಅವರ ಹತ್ತಿರ ಇದ್ದದ್ದು ದೊಡ್ಡ ಗುಂಡಿಗಳ ಒಂದು ಸರಳ ಪ್ಲೇಯರ್. ಪರದೆ ಇಲ್ಲ. ಒಂದೇ ಸ್ಪೀಕರ್. 16 ಜಿಬಿ ಮೆಮೊರಿ ಕಾರ್ಡ್. ಎಂಪಿ3 ಮತ್ತು ವೇವ್ ಓಡುತ್ತದೆ ಎಂದು ಅದರ ಪೆಟ್ಟಿಗೆ ಮೇಲೆ ಬರೆದಿತ್ತು.

ಆಗಬೇಕಾದ ಕೆಲಸ ಇಷ್ಟು: 340 ಫೈಲ್‌ಗಳೂ ಆ ಪ್ಲೇಯರ್‌ನಲ್ಲಿ ಓಡಬೇಕು, ಒಂದೇ ಕಾರ್ಡ್‌ನಲ್ಲಿ ಹಿಡಿಸಬೇಕು, ಒಂದು ಪುಸ್ತಕ ಜೋರು ಒಂದು ಪುಸ್ತಕ ಮೆಲ್ಲಗೆ ಎಂದಾಗಬಾರದು. ಒಂದು ಸಂಜೆಯ ಕೆಲಸ ಎಂದೇ ಎಲ್ಲರೂ ಅಂದುಕೊಂಡರು.

ಹೆಸರು ಬದಲಿಸಿದರೆ ಸಾಕಾಗುವುದಿಲ್ಲ

ಹುಡುಗನ ಮೊದಲ ಉಪಾಯ, ಫೈಲಿನ ಹೆಸರಿನ ಕೊನೆಯಲ್ಲಿದ್ದ ಎಂ4ಎ ಅಳಿಸಿ ಎಂಪಿ3 ಎಂದು ಬರೆಯುವುದು. ನಗಬೇಡಿ, ಅವನು ಪರೀಕ್ಷೆಯನ್ನೂ ಮಾಡಿದ್ದ. ಹೆಸರು ಬದಲಾದ ಫೈಲ್ ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಓಡಿತು. ಫೋನಿನಲ್ಲೂ ಓಡಿತು. ಆ ಪುಟ್ಟ ಪ್ಲೇಯರ್‌ನಲ್ಲಿ ಮಾತ್ರ ಒಂದು ಸಣ್ಣ ಟಿಕ್ ಸದ್ದು, ಆಮೇಲೆ ಮುಂದಿನ ಫೈಲ್. ಪ್ಲೇಯರೇ ಕೆಟ್ಟಿದೆ ಎಂದು ನಾಲ್ಕು ದಿನ ಅದರ ಹಿಂದೆ ಬಿದ್ದರು.

ಕಂಪ್ಯೂಟರ್‌ನ ವಿಎಲ್‌ಸಿಯಂಥ ಪ್ಲೇಯರ್ ಸಾಫ್ಟ್‌ವೇರ್‌ಗಳು ಹೆಸರನ್ನು ನಂಬಿ ಕೂರುವುದಿಲ್ಲ. ಫೈಲ್ ತೆರೆದು ಒಳಗೆ ಏನಿದೆ ಎಂದು ನೋಡುತ್ತವೆ, ಒಳಗಿರುವುದಕ್ಕೆ ತಕ್ಕ ಹಾಗೆ ಓಡಿಸುತ್ತವೆ. ಅಗ್ಗದ ಪ್ಲೇಯರ್‌ಗೆ ಅಷ್ಟು ತಾಳ್ಮೆ ಇರುವುದಿಲ್ಲ. ಜಾಣ ಸಾಫ್ಟ್‌ವೇರ್‌ನಲ್ಲಿ ಪರೀಕ್ಷೆ ಮಾಡಿದ್ದೇ ಇಲ್ಲಿ ದಾರಿ ತಪ್ಪಿಸಿತು.

ಫೈಲ್ ಅಂದರೆ ಒಂದು ಪೆಟ್ಟಿಗೆ. ಅದನ್ನು ಕಂಟೇನರ್ ಅನ್ನುತ್ತಾರೆ. ಎಂಪಿ4, ಎಂ4ಎ, 3ಜಿಪಿ, ಓಗ್ ಇವೆಲ್ಲ ಪೆಟ್ಟಿಗೆಗಳು. ಒಳಗಿನ ದನಿಯನ್ನು ಯಾವ ಲೆಕ್ಕದಲ್ಲಿ ಒತ್ತಿ ಚಿಕ್ಕದು ಮಾಡಿದ್ದಾರೆ ಅನ್ನುವುದು ಕೋಡೆಕ್. ಎಎಸಿ, ಎಎಂಆರ್, ಓಪಸ್ ಇವು ಕೋಡೆಕ್‌ಗಳು. ಪೆಟ್ಟಿಗೆ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಸಾಮಾನು ಬದಲಾಗುವುದಿಲ್ಲ, ಅಲ್ವಾ? ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ಗೆ ಫೈಲ್ ಕೊಟ್ಟರೆ ಒಳಗಿನದನ್ನು ಬಿಡಿಸಿ ಹೇಳುತ್ತದೆ. ಅದರಲ್ಲಿ ನೋಡಿದಾಗ, ಫೋನಿನ ಎಂ4ಎಗಳಲ್ಲೂ ಗೋಡೆ ವಿಡಿಯೋಗಳಲ್ಲೂ ಇದ್ದದ್ದು ಒಂದೇ ಜಾತಿಯ ಎಎಸಿ ಎಂದು ತಿಳಿಯಿತು.

ಆಮೇಲೆ ಬ್ರೌಸರ್‌ನಲ್ಲೇ ಫೈಲ್ ಬದಲಿಸಿಕೊಡುವ ಒಂದು ಸೇವೆಯನ್ನು ನೋಡಿದರು. ಒಂದೊಂದೇ ಫೈಲ್ ಕಳಿಸಬೇಕು, ದೊಡ್ಡ ವಿಡಿಯೋ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಓದಿದವರನ್ನು ಕೇಳದೆ ಅವರ ದನಿಯನ್ನು ಯಾರದೋ ಸರ್ವರ್‌ಗೆ ಕಳಿಸುವುದು ಸಂಯೋಜಕಿಗೆ ಇಷ್ಟವಾಗಲಿಲ್ಲ. ಅಲ್ಲಿಗೇ ಬಿಟ್ಟರು. ಸರಿಯಾದ ತೀರ್ಮಾನ.

ಜಾಸ್ತಿ ಇದ್ದರೆ ಒಳ್ಳೇದಲ್ವಾ?

ಹುಡುಗ ಎಫ್‌ಎಫ್‌ಎಂಪೆಗ್ ಕಲಿತ. ನಾವು ಬಳಸುವ ಎಷ್ಟೋ ಕನ್ವರ್ಟರ್‌ಗಳ ಹೊಟ್ಟೆಯೊಳಗೆ ಕೆಲಸ ಮಾಡುವುದು ಇದೇ. 2000ದಿಂದಲೂ ಬೆಳೆಯುತ್ತಾ ಬಂದಿರುವ ಉಚಿತ ಸಾಧನ. ಗುಂಡಿಗಳಿಲ್ಲ, ಆಜ್ಞೆ ಬರೆಯಬೇಕು. ಒಂದು ಸಾಲು ಬರೆದರೆ ಇಡೀ ಫೋಲ್ಡರ್ ಅನ್ನು ರಾತ್ರಿಯಿಡೀ ಕೂತು ಬದಲಿಸುತ್ತದೆ. ಅವನು ಎಲ್ಲವನ್ನೂ 320 ಕಿಲೋಬಿಟ್ ಸ್ಟೀರಿಯೋ ಎಂಪಿ3 ಮಾಡಿದ. ಎಂಪಿ3ಯಲ್ಲಿ ಅದೇ ಅತಿ ಹೆಚ್ಚಿನ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ದನಿಗೆ ಖರ್ಚು ಮಾಡುವ ಡೇಟಾ.

ಬೆಳಿಗ್ಗೆ ನೋಡಿದರೆ 30 ಜಿಬಿ ಆಗಿತ್ತು. ಕಾರ್ಡ್ 16 ಜಿಬಿ. ನನ್ನನ್ನು ಕರೆದದ್ದು ಆಗ.

"ಜಾಸ್ತಿ ಇದ್ರೆ ಒಳ್ಳೇದಲ್ವಾ ಸರ್?" ಎಂದ ಹುಡುಗ. ಎಎಂಆರ್ ಫೈಲ್ ಒಂದನ್ನು ತೆಗೆದು ತೋರಿಸಿದೆ. ಹಳೇ ಮೊಬೈಲ್ ಅದನ್ನು ಸೆಕೆಂಡಿಗೆ 12.2 ಕಿಲೋಬಿಟ್‌ನಲ್ಲಿ, 8,000 ಸ್ಯಾಂಪಲ್‌ಗಳಂತೆ, ಅಂದರೆ ದನಿಯನ್ನು ಅಷ್ಟು ಸಲ ಅಳೆದು, ಬರೆದಿತ್ತು. ಹಾಗೆ ಬರೆದಾಗ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. 'ಸ' ಅಕ್ಷರದ ಚೂಪು ಬಹುಪಾಲು ಅದಕ್ಕಿಂತ ಮೇಲೆ ಇರುತ್ತದೆ. ಅದಕ್ಕೇ ಆ ಓದುಗಳಲ್ಲಿ 'ಸರ' ಮತ್ತು 'ಶರ' ಒಂದೇ ಥರ ಕೇಳುತ್ತವೆ. ಹೋದ ಚೂಪು 320ರಲ್ಲಿ ವಾಪಸ್ ಬರುವುದಿಲ್ಲ. ಅದೇ ಮಂಕು ದನಿ 26 ಪಟ್ಟು ಜಾಗ ತಿನ್ನುತ್ತದೆ, ಅಷ್ಟೇ.

ಲೆಕ್ಕ ಹಾಕಿದೆವು. 320 ಕಿಲೋಬಿಟ್ ಎಂದರೆ ಗಂಟೆಗೆ 144 ಎಂಬಿ. 64 ಕಿಲೋಬಿಟ್ ಆದರೆ ಗಂಟೆಗೆ 29 ಎಂಬಿ ಕೂಡ ಇಲ್ಲ, 210 ಗಂಟೆಗೆ ಸುಮಾರು 6 ಜಿಬಿ. ಸಂಗೀತಕ್ಕೆ 64 ಸಾಲದು. ಒಬ್ಬರೇ ಓದುವ ದನಿಗೆ, ಅದೂ ಎಡಬಲ ಬೇರೆಯಿಲ್ಲದ ಮೋನೋದಲ್ಲಿ, ಸಾಕು. ಸುಮ್ನೆ ನನ್ನ ಮಾತು ನಂಬಬೇಡಿ ಎಂದು 64, 128, 320 ಮೂರನ್ನೂ ಅದೇ ಪ್ಲೇಯರ್‌ಗೆ ಹಾಕಿ, ಯಾವುದು ಯಾವುದೆಂದು ಹೇಳದೆ ಸಂಯೋಜಕಿಗೆ ಕೇಳಿಸಿದೆ. ಅವರು ಒಳ್ಳೆಯದು ಎಂದು ಆರಿಸಿದ್ದು 64ರದನ್ನು. ಅದು 64 ಚೆನ್ನಾಗಿದೆ ಎಂದಲ್ಲ, ಆ ಸ್ಪೀಕರ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು.

ಬಿಟ್‌ರೇಟ್ ಏರಿಳಿಯುವ ವಿಧಾನ ಬೇಡ, ಒಂದೇ ಸಮ ಇರಲಿ ಎಂದೂ ತೀರ್ಮಾನಿಸಿದೆವು. ಏರಿಳಿಯುವ ವಿಧಾನದಲ್ಲಿ ಅಷ್ಟೇ ಜಾಗಕ್ಕೆ ಗುಣಮಟ್ಟ ಹೆಚ್ಚು, ನಿಜ. ಆದರೆ ಹಿಂದೆ ನಿಲ್ಲಿಸಿದ ಕಡೆಯಿಂದ ಮುಂದುವರಿಸು ಎಂದಾಗ ಈ ಪ್ಲೇಯರ್ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಪರದೆ ನೋಡದವರಿಗೆ ಪುಟ ಕಳೆದುಹೋದ ಹಾಗೆ ಅದು.

ಮಾದರಿ ಕಾರ್ಡ್ ಮಾಡಿ ಹಾಕಿದಾಗ ಇನ್ನೊಂದು ವಿಚಿತ್ರ. ಎಎಂಆರ್‌ನಿಂದ ಬಂದ ಫೈಲ್‌ಗಳನ್ನು ಮಾತ್ರ ಪ್ಲೇಯರ್ ಹಾರಿಸಿಕೊಂಡು ಹೋಗುತ್ತಿತ್ತು. ಈ ಸಲ ಅವು ನಿಜವಾದ ಎಂಪಿ3ಗಳೇ. ಕಾರಣ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬ ಲೆಕ್ಕ. ಬೇರೆ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಮೂಲದ 8 ಕಿಲೋಹರ್ಟ್ಸನ್ನೇ ಉಳಿಸಿಕೊಳ್ಳುತ್ತದೆ. ಮೊದಲಿನ ಎಂಪಿ3 ಮಾನದಂಡದಲ್ಲಿ ಇದ್ದದ್ದು 32, 44.1 ಮತ್ತು 48. ಎರಡನೇ ಮಾನದಂಡದಲ್ಲಿ 16, 22.05, 24 ಸೇರಿದವು. 8 ಬಂದದ್ದು ಆಮೇಲೆ, ಎಂಪೆಗ್ 2.5 ಎಂಬ ಅಧಿಕೃತವಲ್ಲದ ವಿಸ್ತರಣೆಯಲ್ಲಿ. ಅದನ್ನು ಓದಲು ಬಾರದ ಪ್ಲೇಯರ್‌ಗಳು ಇವೆ. ನಮ್ಮದು ಅಂಥದ್ದೇ. ಎಲ್ಲವೂ 44.1 ಆಗಲಿ ಎಂದು ಆಜ್ಞೆಯಲ್ಲಿ ಸೇರಿಸಿದೆವು. ಓಡಿತು.

ನನ್ನ ತಪ್ಪು

ಇನ್ನು ಉಳಿದದ್ದು ದನಿಯ ಮಟ್ಟ. ಒಂದು ಅಧ್ಯಾಯಕ್ಕೆ ಗುಂಡಿ ಏರಿಸಿ, ಮುಂದಿನದಕ್ಕೆ ಬೆಚ್ಚಿಬೀಳುವ ಪರಿಸ್ಥಿತಿ ಇತ್ತು. ಎಫ್‌ಎಫ್‌ಎಂಪೆಗ್‌ನಲ್ಲಿ ಇದಕ್ಕೊಂದು ಫಿಲ್ಟರ್ ಇದೆ. ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂದು ಅಳೆದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ನಾನು −16 ಎಲ್‌ಯುಎಫ್‌ಎಸ್ ಎಂದು ಕೊಟ್ಟೆ. ಎಲ್‌ಯುಎಫ್‌ಎಸ್ ಅನ್ನುವುದು ಆ ಜೋರನ್ನು ಅಳೆಯುವ ಮಾನ. ಮಾತಿನ ಕಾರ್ಯಕ್ರಮಗಳಿಗೆ ಬಹಳ ಜನ ಬಳಸುವ ಮಟ್ಟ ಅದು.

ಒಂದೇ ಸಾಲಿನಲ್ಲಿ ಎಲ್ಲ ಬರೆದೆ: ವಿಡಿಯೋ ಬಿಡು, ಮೋನೋ ಮಾಡು, ಮಟ್ಟ ಸರಿಮಾಡು, 44.1, 64 ಕಿಲೋಬಿಟ್. ಬೆಳಿಗ್ಗೆ 340 ಎಂಪಿ3ಗಳು ತಯಾರು. ಒಂದೂ ಎರರ್ ಇಲ್ಲ. ಯಾವ ಫೈಲೂ ಖಾಲಿ ಇರಬಾರದು ಎಂದು ಮೌನ ಹುಡುಕುವ ಫಿಲ್ಟರ್ ಅನ್ನೂ ಓಡಿಸಿದೆ. ಅದೂ ಪಾಸ್. ನಲವತ್ತು ಕಾರ್ಡ್ ತುಂಬಿ ಕಳಿಸಿದೆವು. ಜಾಗ ಖಾಲಿಯಾಗಲಿ ಎಂದು ಹುಡುಗನ 320 ಫೋಲ್ಡರನ್ನು ಅಳಿಸಿದೆ. ಮೂಲ ಇದೆಯಲ್ಲ, ಇದು ಯಾಕೆ?

ಮೂರನೇ ದಿನ ಹಿರಿಯ ಕೇಳುಗರೊಬ್ಬರು ಸಂಯೋಜಕಿಗೆ ಫೋನ್ ಮಾಡಿದರು. "ಹನ್ನೆರಡನೇ ಅಧ್ಯಾಯದಿಂದ ಬರೀ ಗಾಳಿ ಸದ್ದಮ್ಮ. ಕಿವಿಗಿಟ್ಟು ಕೇಳಿದ್ರೆ ಆಳದಲ್ಲಿ ಯಾರೋ ಓದ್ತಿದ್ದಾರೆ. ಬಾವಿಯೊಳಗೆ ಕೂತು ಓದಿದ ಹಾಗಿದೆ."

ಅದು ಗೋಡೆ ವಿಡಿಯೋಗಳ ಪುಸ್ತಕ. ಅಂಥ 22 ಫೈಲ್‌ಗಳಿದ್ದವು, ಎಲ್ಲದರದೂ ಅದೇ ಕಥೆ. ಮೂಲ ವಿಡಿಯೋ ಹಾಕಿ ಹೆಡ್‌ಫೋನ್‌ನಲ್ಲಿ ಕೇಳಿದರೆ ದನಿ ಚೆನ್ನಾಗಿದೆ. ದನಿಯ ಅಲೆ ತೋರಿಸುವ ಆಡಾಸಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು, ಅಲೆ ಕಾಣುವಷ್ಟು ಹಿಗ್ಗಿಸಿ ನೋಡಿದೆ. ಎಡಗಡೆಯ ಅಲೆ ಮೇಲೇರಿದಾಗೆಲ್ಲ ಬಲಗಡೆಯದು ಅಷ್ಟೇ ಕೆಳಗಿಳಿದಿತ್ತು. ಕೆರೆ ದಡದ ಮರ ಮತ್ತು ನೀರಿನಲ್ಲಿ ಅದರ ಬಿಂಬದ ಹಾಗೆ.

ಆ ಓದುಗರ ಮೈಕ್ ಸ್ಟೇಜ್‌ಗಳಲ್ಲಿ ಬಳಸುವ ಜಾತಿಯದು. ಅಂಥ ಮೈಕ್‌ನ ಕೇಬಲ್ ಒಂದೇ ದನಿಯನ್ನು ಎರಡು ತಂತಿಗಳಲ್ಲಿ ಕಳಿಸುತ್ತದೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ. ಅದಕ್ಕೆ ತಕ್ಕ ಉಪಕರಣ ಒಂದರಲ್ಲಿ ಇನ್ನೊಂದನ್ನು ಕಳೆಯುತ್ತದೆ. ಆಗ ದಾರಿಯಲ್ಲಿ ಸೇರಿಕೊಂಡ ಗೊರಗೊರ ಸದ್ದು ಹೋಗಿ ದನಿ ಉಳಿಯುತ್ತದೆ. ಸೊಗಸಾದ ಉಪಾಯ. ಆದರೆ ಅವರು ಅದನ್ನು ಒಂದು ಸಾದಾ ಅಡಾಪ್ಟರ್ ಮೂಲಕ ಕ್ಯಾಮೆರಾದ ಸ್ಟೀರಿಯೋ ತೂತಿಗೆ ಚುಚ್ಚಿದ್ದರು. ನೆಟ್ಟಗಿನದು ಎಡಗಡೆಗೆ ಹೋಯಿತು, ತಲೆಕೆಳಗಾದದ್ದು ಬಲಗಡೆಗೆ. ಹೆಡ್‌ಫೋನ್‌ನಲ್ಲಿ ಒಂದೊಂದು ಕಿವಿಗೆ ಒಂದೊಂದು ಹೋಗುವುದರಿಂದ ಏನೂ ಗೊತ್ತಾಗುವುದಿಲ್ಲ. ಮೋನೋ ಮಾಡು ಎಂದಾಗ ಎಫ್‌ಎಫ್‌ಎಂಪೆಗ್ ಎಡಬಲ ಎರಡನ್ನೂ ಕೂಡಿಸಿ ಅರ್ಧ ಮಾಡುತ್ತದೆ. ಐದಕ್ಕೆ ಮೈನಸ್ ಐದು ಕೂಡಿಸಿದ ಹಾಗೆ. ದನಿ ಸೊನ್ನೆ. ಉಳಿದದ್ದು ಕ್ಯಾಮೆರಾದ ಸ್ವಂತ ಹಿಸ್ ಸದ್ದು ಮತ್ತು ಎರಡು ಕಡೆ ಸರಿಯಾಗಿ ಹೊಂದದೆ ಮಿಕ್ಕ ಚೂರುಪಾರು ಓದು.

ಹಾಗಾದರೆ ಮೌನ ಹುಡುಕುವ ಫಿಲ್ಟರ್ ಯಾಕೆ ಹಿಡಿಯಲಿಲ್ಲ? ನನ್ನ ಹೊಟ್ಟೆ ಉರಿಸಿದ ಭಾಗ ಇದೇ. ಆ ಫೈಲ್‌ಗಳು ಹೆಚ್ಚುಕಮ್ಮಿ ಮೌನವಾಗಿಯೇ ಇದ್ದವು. ಆದರೆ ಮಟ್ಟ ಸರಿಮಾಡುವ ಫಿಲ್ಟರ್ ಆ ಹಿಸ್ ಸದ್ದನ್ನೇ ಹಿಡಿದು ಎತ್ತಿತ್ತು, ಇದೂ ಒಂದು ಮೆಲುದನಿಯ ಓದು ಎಂಬಂತೆ. ಆಮೇಲೆ ಪರೀಕ್ಷಿಸಿದಾಗ ಅಲ್ಲಿ ಮೌನ ಎಲ್ಲಿತ್ತು? ಮೋನೋ ಮಾಡಿದ ಕೂಡಲೇ ಪರೀಕ್ಷೆ, ಮಟ್ಟ ಸರಿಮಾಡುವುದು ಆಮೇಲೆ ಎಂದು ಕ್ರಮ ಇಟ್ಟಿದ್ದರೆ 22 ಫೈಲ್‌ಗಳೂ ಆ ರಾತ್ರಿಯೇ ಸಿಕ್ಕಿಬೀಳುತ್ತಿದ್ದವು.

ಮುನ್ಸೂಚನೆಯೂ ಇತ್ತು. 320 ಮಾಡಿದ ಹೊತ್ತಿನಲ್ಲಿ ಹುಡುಗ ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೇಳಿ, "ಗೋಡೆ ವಿಡಿಯೋಗಳು ಸ್ವಲ್ಪ ಟೊಳ್ಳು ಕೇಳ್ತವೆ ಸರ್" ಎಂದಿದ್ದ. ಗಾಳಿಯಲ್ಲಿ ಎರಡು ಸ್ಪೀಕರ್‌ಗಳ ಸದ್ದು ಬೆರೆತು ಅಷ್ಟಿಷ್ಟು ಅಳಿಸಿಹೋಗುವುದರ ಲಕ್ಷಣ ಅದು. ಕೋಣೆ ದೊಡ್ಡದಿರಬೇಕು ಎಂದು ನಾನು ತಳ್ಳಿಹಾಕಿದ್ದೆ. ಸ್ಟೀರಿಯೋ ಆಗಿಯೇ ಬಿಟ್ಟಿದ್ದರೂ ಉಪಯೋಗವಿರಲಿಲ್ಲ ಅನ್ನುವುದು ಬೇರೆ ಮಾತು. ಒಂದೇ ಸ್ಪೀಕರ್‌ನ ಪ್ಲೇಯರ್‌ನೊಳಗೆ ಎಡಬಲ ಹೇಗೂ ಬೆರೆಯುತ್ತಿದ್ದವು.

338

ಪರಿಹಾರ ಸುಲಭ. ಎರಡನ್ನೂ ಕೂಡಿಸದೆ ಎಡಗಡೆಯದನ್ನು ಮಾತ್ರ ತೆಗೆದುಕೊಳ್ಳುವುದು. ಇದನ್ನೇ 340ಕ್ಕೂ ಮಾಡಿಬಿಡೋಣ ಎಂದ ಹುಡುಗ. ಈ ಸಲ ಅವಸರ ಮಾಡಲಿಲ್ಲ. ಹುಡುಕಿದಾಗ ದನಿ ಬಲಗಡೆ ಮಾತ್ರ ಇರುವ ನಾಲ್ಕು ವೇವ್ ಫೈಲ್‌ಗಳು ಸಿಕ್ಕವು. ಎಡವನ್ನೇ ತೆಗೆದಿದ್ದರೆ ಅವು ನಿಜವಾಗಿ ಖಾಲಿಯಾಗುತ್ತಿದ್ದವು.

ಫೈಲ್‌ಗಳನ್ನು ಎಂಪಿ4, ಎಂ4ಎ ಎಂದು ವಿಂಗಡಿಸುವುದನ್ನು ಅಲ್ಲಿಗೆ ನಿಲ್ಲಿಸಿದೆವು. ಯಾವ ಓದುಗರು, ಯಾವ ಉಪಕರಣ ಎಂದು ವಿಂಗಡಿಸಿದೆವು. ಹನ್ನೊಂದು ಗುಂಪುಗಳಾದವು. ಒಂದೇ ಕೈ, ಒಂದೇ ಮೈಕ್, ಒಂದೇ ಕೇಬಲ್ ಇದ್ದ ಕಡೆ ತೊಂದರೆಯೂ ಒಂದೇ ಇರುತ್ತದೆ. ಪ್ರತಿ ಗುಂಪಿನಿಂದ ಒಂದು ಫೈಲ್ ಬದಲಿಸಿ, ಆ ಪ್ಲೇಯರ್‌ನಲ್ಲೇ ಹಾಕಿ, ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಕೇಳಿದೆವು. ಹನ್ನೊಂದು ಫೈಲ್ ಕೇಳಲು ಒಂದು ಗಂಟೆಯೂ ಹಿಡಿಯಲಿಲ್ಲ. ಮೊದಲೇ ಮಾಡಬಹುದಿತ್ತು ಎಂದು ಸಂಯೋಜಕಿ ಹೇಳಲಿಲ್ಲ, ಪಾಪ.

ಗೋಡೆ ವಿಡಿಯೋಗಳ ಗುಂಪಿಗೆ ಬಂದಾಗ ಮೂಲ ಫೋಲ್ಡರ್‌ನಲ್ಲಿ ಇಪ್ಪತ್ತೇ ಫೈಲ್ ಸಿಕ್ಕವು. ಒಟ್ಟು ಎಣಿಸಿದರೆ 338. ಹುಡುಗನಿಗೆ ಆಗ ನೆನಪಾಯಿತು. ಹದಿನೇಳು ಮತ್ತು ಹದಿನೆಂಟನೇ ಅಧ್ಯಾಯಗಳನ್ನು ಅವನು ಓದುಗರ ಕ್ಯಾಮೆರಾ ಕಾರ್ಡ್‌ನಿಂದಲೇ ನೇರವಾಗಿ 320 ಎಂಪಿ3 ಮಾಡಿಕೊಂಡಿದ್ದ. ವಿಡಿಯೋ ಕಾಪಿ ಮಾಡಿರಲಿಲ್ಲ. ಆ ಕಾರ್ಡ್ ಆಮೇಲೆ ಅಳಿಸಿಹೋಗಿತ್ತು. ನನ್ನ ರಾತ್ರಿಯ ಕೆಲಸಕ್ಕೆ ಆ ಎರಡನ್ನು 320 ಫೋಲ್ಡರ್‌ನಿಂದ ತಂದು ಸೇರಿಸಿದ್ದ. ಕೊನೆಗೆ ಬಂದ ಫೈಲ್‌ಗಳು 340 ಇದ್ದದ್ದರಿಂದ ನನಗೆ ಸಂಶಯವೇ ಬರಲಿಲ್ಲ. ಮೂಲವನ್ನು ಎಣಿಸದೆ 320 ಫೋಲ್ಡರ್ ಅಳಿಸಿದವನು ನಾನು. ಆ ಎರಡು ಅಧ್ಯಾಯಗಳ ಎಡ ಮತ್ತು ಬಲ ಬೇರೆಬೇರೆಯಾಗಿ ಇದ್ದದ್ದು ಅಲ್ಲಿ ಮಾತ್ರ. ಈಗ ಉಳಿದದ್ದು ಗಾಳಿ ಸದ್ದಿನ ಮೋನೋ. ಸೊನ್ನೆ ನೋಡಿ ಅದು ಐದರಿಂದ ಬಂತೋ ಐವತ್ತರಿಂದ ಬಂತೋ ಎಂದು ಯಾವ ಸಾಫ್ಟ್‌ವೇರ್ ತಾನೇ ಹೇಳೀತು?

ಅಳಿಸಿದ್ದನ್ನು ವಾಪಸ್ ತರುವ ಸಾಧನವನ್ನೂ ಓಡಿಸಿದೆವು. ಆ ಡಿಸ್ಕ್ ಮೇಲೆ ಅಷ್ಟರಲ್ಲಿ ಬೇರೆ ಎಷ್ಟೋ ಬರೆದಾಗಿತ್ತು. ಏನೂ ಸಿಗಲಿಲ್ಲ.

ಆಮೇಲೆ ಮಾಡಿದ್ದು

ಮೂಲ ಫೋಲ್ಡರ್ ಈಗ ಓದಲು ಮಾತ್ರ, ಬರೆಯಲು ಅಳಿಸಲು ಬಿಡುವುದಿಲ್ಲ. ಬೇರೆ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇದೆ. ಒಂದು ಪಟ್ಟಿಯಲ್ಲಿ ಪ್ರತಿ ಫೈಲಿನ ಹೆಸರು, ಉದ್ದ, ಉಪಕರಣ, ಎಡ ಬಲ ಎರಡೂ ಸರಿ ಇವೆಯೇ ಎಂಬ ಕಾಲಂಗಳಿವೆ. ಕೇಳುವ ಪ್ರತಿಗಳು ಯಾವಾಗಲೂ ಮೂಲದಿಂದಲೇ ಹುಟ್ಟಬೇಕು, ಎಂಪಿ3ಯಿಂದ ಮತ್ತೆ ಎಂಪಿ3 ಮಾಡಬಾರದು ಎಂಬ ನಿಯಮ ಬಂತು. ಪ್ರತಿ ಸಲ ಒತ್ತಿದಾಗಲೂ ದನಿ ಇನ್ನಷ್ಟು ಸವೆಯುತ್ತದೆ.

ಗೋಡೆಯ ವಿಡಿಯೋಗಳನ್ನು ಏನು ಮಾಡುವುದು ಎಂಬ ಚರ್ಚೆ ಸ್ವಲ್ಪ ದಿನ ನಡೆಯಿತು. ಗಂಟೆಗೆ ಹಲವು ಜಿಬಿ ತಿನ್ನುತ್ತಿದ್ದವು. ಸುಟ್ಟುಕೊಂಡಿದ್ದ ನಾನು ಹಾಗೇ ಇಡೋಣ ಎಂದೆ. ಸಂಯೋಜಕಿ ಒಪ್ಪಲಿಲ್ಲ, ಅವರು ಹೇಳಿದ್ದೇ ಸರಿ. ಎಫ್‌ಎಫ್‌ಎಂಪೆಗ್‌ಗೆ ಆಡಿಯೋವನ್ನು ಮತ್ತೆ ಒತ್ತಬೇಡ, ಇದ್ದ ಹಾಗೇ ಕಾಪಿ ಮಾಡು ಎಂದು ಹೇಳಬಹುದು. ಎಂಪಿ4 ಪೆಟ್ಟಿಗೆಯಿಂದ ಎಎಸಿಯನ್ನು ಎತ್ತಿ ಎಂ4ಎ ಪೆಟ್ಟಿಗೆಗೆ ಇಡುತ್ತದೆ, ಅಷ್ಟೇ. ಕೆಲವೇ ಕ್ಷಣಗಳ ಕೆಲಸ. ದನಿಯ ಒಂದು ಬಿಟ್ ಕೂಡ ಬದಲಾಗುವುದಿಲ್ಲ. 128 ಕಿಲೋಬಿಟ್‌ನ ಒಂದು ಗಂಟೆ 58 ಎಂಬಿಯಲ್ಲಿ ಕೂತಿತು. ಇಪ್ಪತ್ತನ್ನೂ ಕೇಳಿ, ಎಣಿಸಿ, ಎರಡನೇ ಡಿಸ್ಕ್‌ಗೂ ಹಾಕಿ ಆಮೇಲೆ ಗೋಡೆಗೆ ವಿದಾಯ ಹೇಳಿದೆವು. ವೇವ್‌ಗಳನ್ನು ಫ್ಲ್ಯಾಕ್ ಮಾಡಿದೆವು. ಅದರಲ್ಲೂ ಏನೂ ಕಳೆಯುವುದಿಲ್ಲ, ಜಾಗ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಎಂ4ಎ, ಓಪಸ್‌ಗಳನ್ನೂ ಫ್ಲ್ಯಾಕ್ ಮಾಡಲೇ ಎಂದ ಹುಡುಗ. ಬೇಡ ಎಂದೆ. ಈಗಾಗಲೇ ಸವೆದದ್ದನ್ನು ದೊಡ್ಡ ಪೆಟ್ಟಿಗೆಗೆ ಹಾಕಿದರೆ ಪೆಟ್ಟಿಗೆ ಮಾತ್ರ ದೊಡ್ಡದಾಗುತ್ತದೆ.

ಕಳೆದುಹೋದ ಎರಡು ಅಧ್ಯಾಯಗಳನ್ನು ಓದಿದ್ದವರು ಅಷ್ಟರಲ್ಲಿ ಬಳಗ ಬಿಟ್ಟಿದ್ದರು. ಬೇರೊಬ್ಬರು ಓದಿಕೊಟ್ಟರು. ಹೊಸ ಕಾರ್ಡ್‌ಗಳು ತಲುಪಿದ ವಾರವೇ ಆ ಹಿರಿಯರ ಫೋನ್ ಬಂತು. "ಹದಿನೇಳಕ್ಕೆ ಓದೋರು ಬದಲಾದ್ರಲ್ಲಮ್ಮ, ಅವರಿಗೆ ಹುಷಾರಿಲ್ವಾ?" ಅವರು ಚೆನ್ನಾಗಿದ್ದಾರೆ, ಫೈಲ್ ಕಳೆದದ್ದು ನಮ್ಮಿಂದ ಎಂದು ಸಂಯೋಜಕಿ ಹೇಳಿದರು. "ಸದ್ಯ" ಎಂದರಂತೆ ಅವರು. ಆಮೇಲೆ ಹೊಸ ಓದುಗರು 'ಳ'ಕಾರವನ್ನು 'ಲ' ಮಾಡ್ತಾರೆ ಎಂದೂ ಸೇರಿಸಿದರು. ಈಗ ಪ್ರತಿ ಸಲವೂ ಮೊದಲ ಕಾರ್ಡ್ ಅವರಿಗೇ ಹೋಗುತ್ತದೆ. ಅವರು ಕೇಳಿ ಹೂಂ ಎಂದ ಮೇಲೆ ಉಳಿದ ಮೂವತ್ತೊಂಬತ್ತು.